ಮಾವನ ಕಾರಿಗೆ ಹೊಸ ಸ್ವಿಚ್ಚು

ಅಂದು ಬೆಳಿಗ್ಗೆ ಮಾವನವರ ಹಳೆಯ ಕಾರು ಹನ್ನೊಂದು ಸಲ ಕೀ ತಿರುಗಿಸಿದ ಮೇಲೆ ಕಣ್ಣುಬಿಟ್ಟಿತು. ಕೀ ಹಿಡಿದಿದ್ದ ಕಿರಿಯ ಅಳಿಯ ಗಡಿಯಾರ ನೋಡಿದ. ಕಾರು ಯಾವ ಅಳಿಯನಿಗೆಂದು ತೀರ್ಮಾನಿಸಲು ಮಾವ ಅಂದು ಸಂಜೆಯೇ ಬರುವವರಿದ್ದರು. ಒಂಬತ್ತು ವರ್ಷ ತನ್ನ ಮನೆಯಲ್ಲೇ ಇಟ್ಟು, ಅದರ ಮೈ ಒರೆಸಿ ಸಾಕಿದವನಿಗೆ ಅದು ಕೈತಪ್ಪುವುದನ್ನು ನೆನೆದರೇ ಊಟ ಸೇರುತ್ತಿರಲಿಲ್ಲ.

ಕೀ ಹಾಕುವ ಸ್ವಿಚ್ಚು ಸವೆದು ಹಣ್ಣಾಗಿತ್ತು. ಕೀಯನ್ನು ಪೂರ್ತಿ ತುರುಕಿ, ಅಕ್ಕಿಕಾಳಿನಷ್ಟು ಹಿಂದೆಳೆದು, ಎಡಕ್ಕೆ ವಾಲಿಸಿ, ಉಸಿರು ಬಿಗಿಹಿಡಿದು ತಿರುಗಿಸಬೇಕು. ಮಾವನನ್ನು ಬಿಟ್ಟರೆ ಈ ವಿದ್ಯೆ ಒಲಿದದ್ದು ಇವನೊಬ್ಬನಿಗೇ. ಹಿರಿಯ ಅಳಿಯ ಒಮ್ಮೆ ಅರ್ಧ ದಿನ ತಿಣುಕಾಡಿ ಬಸ್ಸು ಹತ್ತಿದ್ದ. ಅಂದು ಮಾತ್ರ ಆ ವಿದ್ಯೆ ಇವನಿಗೂ ಕೈಕೊಟ್ಟಿತ್ತು.

"ಮಾವನವರ ಮುಂದೆ ಹೀಗಾದ್ರೆ, ಕಾರು ಕೆಡಿಸಿಟ್ಟಿದಾನೆ ಅಂತಾರೆ," ಎಂದರು ಪಕ್ಕದ ಮನೆಯ ನಿವೃತ್ತ ವೈರ್‌ಮನ್. "ಸ್ವಿಚ್ಚು ಬದಲಾಯಿಸಿಬಿಡೋಣ. ನಾನಿದೀನಲ್ಲ."

ಅವರ ಈ ಮಾತು ನಂಬಿ ಬೀದಿಯ ಎಷ್ಟೋ ಮನೆಗಳು ಕತ್ತಲಾಗಿದ್ದವು. ಆದರೂ ಅಳಿಯ ಒಪ್ಪಿ, ಪೇಟೆಯಿಂದ ಕೀ ಸಮೇತ ಹೊಸ ಸ್ವಿಚ್ಚು ತಂದ.

ಬ್ಯಾಟರಿಯ ವೈರು ಬಿಚ್ಚಿ ಹಳೆಯ ಸ್ವಿಚ್ಚನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದ. ತಿರುಗಿ ತಿರುಗಿ ಒಳಗಿನ ಹಿತ್ತಾಳೆ ಬಂಗಾರದಂತೆ ಹೊಳೆಯುತ್ತಿತ್ತು. ತಾನು ಆಫೀಸಿನಲ್ಲಿ ಇದರ ಕಾಲುಭಾಗವೂ ದುಡಿದಿಲ್ಲವಲ್ಲ ಎನಿಸಿ ನಾಚಿಕೆಯಾಯಿತು.

ಅಷ್ಟರಲ್ಲಿ ಯಾವ ವೈರು ಎಲ್ಲಿಯದೆಂಬುದು ಇಬ್ಬರಿಗೂ ಮರೆತಿತ್ತು. ಮೊದಲ ಸಲ ಹೊಸ ಕೀ ತಿರುಗಿಸಿದಾಗ ವೈಪರುಗಳು ಕೈಬೀಸಿದವು. ಎರಡನೆಯ ಸಲ, ವರ್ಷಗಟ್ಟಲೆ ಮೂಕವಾಗಿದ್ದ ರೇಡಿಯೋ ಹಾಡತೊಡಗಿತು. ಬೀದಿಯವರೆಲ್ಲ ಬಂದು ಸುತ್ತ ನಿಂತರು.

"ಊಟ ಆರಿಹೋಯ್ತು ಕಣ್ರೀ," ಎಂದು ಕರೆಯಲು ಬಂದ ಹೆಂಡತಿಯೂ ಅಲ್ಲೇ ನಿಂತುಬಿಟ್ಟಳು.

ಮೂರನೆಯ ಸಲ ಕೀ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಎಂಜಿನ್ನು ಒಂದೇ ಉಸಿರಿಗೆ ಎದ್ದಿತು. ಅಳಿಯನ ಮೈ ಜುಮ್ಮೆಂದಿತು. ಇಷ್ಟು ಜೀವ ಇದರೊಳಗೆ ಎಲ್ಲಿ ಅಡಗಿತ್ತೋ ಎಂದು ಅವನು ಕೈಮುಗಿಯುವುದೊಂದು ಬಾಕಿ.

ನಾಲ್ಕಕ್ಕೆ ಸರಿಯಾಗಿ ಮಾವ ಹಿರಿಯ ಅಳಿಯನೊಂದಿಗೆ ಬಂದರು. ಕಾರಿನ ಬಾನೆಟ್ಟು ಸವರಿ, "ಹಿರಿಯಳಿಯಂದ್ರೇ, ಮೊದಲು ನೀವು ಸ್ಟಾರ್ಟ್ ಮಾಡಿ. ಒಂದೇ ಸಲಕ್ಕೆ ಹಿಡಿದ್ರೆ ಕಾರು ನಿಮ್ಮದು. ಇಲ್ದಿದ್ರೆ ಕಿರಿಯರದು," ಎಂದರು. ಆಮೇಲೆ ಕಿರಿಯ ಅಳಿಯನತ್ತ ತಿರುಗಿ, ಯಾರಿಗೂ ಕಾಣದಂತೆ ಕಣ್ಣು ಮಿಟುಕಿಸಿದರು.

ಕಿರಿಯ ಅಳಿಯ ಮುಂದೆ ನುಗ್ಗಿದ. "ಮಾವ, ಒಂದು ನಿಮಿಷ—"

ಹಿರಿಯ ಅಳಿಯ ಆಗಲೇ ಸೀಟಿನಲ್ಲಿ ಕೂತು, ಸೋಲೊಪ್ಪಿದ ಮುಖದಲ್ಲಿ, ಎರಡೇ ಬೆರಳಿನಿಂದ ಕೀ ತಿರುಗಿಸಿದ. ಎಂಜಿನ್ನು ಎದ್ದಿತು.

ಮಾವನ ಮುಖ ಬಿಳಿಚಿತು. "ಏನ್ ಮಾಡಿದ್ರಿ ಅಳಿಯಂದ್ರೇ?"

"ರಿಪೇರಿ, ಮಾವ."

"ನೋಡಿದ್ರಾ, ಒಂದೇ ಸಲಕ್ಕೆ," ಎಂದರು ವೈರ್‌ಮನ್, ಎದೆಯುಬ್ಬಿಸಿ.

ಹಿರಿಯ ಅಳಿಯನನ್ನು ಹೊತ್ತು ಕಾರು ಬೀದಿಯ ತಿರುವು ದಾಟಿತು. ಅದರ ದನಿ ಅಷ್ಟು ಇಂಪಾಗಿ ಕೇಳಿದ್ದು ಒಂಬತ್ತು ವರ್ಷಗಳಲ್ಲಿ ಅದೇ ಮೊದಲು.