ಕಾಡಪ್ಪ ಮಾಳಿಗೆಗೆ ಮಣ್ಣು ಹಾಕಿದ್ದು

"ಇದಕ್ಕ ಮಾಳಿಗಿ ಅಂತಾರೇನ್ರಿ? ಜರಡಿ ಅನ್ರಿ, ಜರಡಿ! ಹೋದ ಮಳಿಗಾಲದಾಗ ಇದ್ದ ಬಿದ್ದ ಕೌದಿ ಎಲ್ಲಾ ತೊಯ್ದ ಕೊಳತು ಹ್ವಾದವು. ಚೀಲದಾಗಿನ ಜ್ವಾಳ ಚೀಲದಾಗ ಮೊಳಕಿ ಒಡದ್ವು. ಇನ್ನ ನನ್ನ ತಲಿಮ್ಯಾಲ ಬೆಳಿ ಬರೂದೊಂದ ಬಾಕಿ ಐತಿ!"

ಸೋಮವ್ವ ಶಾವಿಗೆ ಮಣೆಯನ್ನು ಬಗಲಲ್ಲಿ ಇರುಕಿಕೊಂಡು ನಡುಮನೆಯಲ್ಲಿ ನಿಂತು ಒದರುತ್ತಿದ್ದಳು. ಆಕೆಯ ದನಿ ಸಣ್ಣದಲ್ಲ. ಮನೆಯಲ್ಲಿ ಕೂಗಿದರೆ ನೇಸರಗಿ ಬಸ್ ಸ್ಟ್ಯಾಂಡಿನಲ್ಲಿ ಕುಂತವರು ತಿರುಗಿ ನೋಡಬೇಕು.

"ಮಣ್ಣ ತರಿಸೇನಲ್ಲ!" ಎಂದ ಗಂಡ ಕಾಡಪ್ಪ.

"ಮಣ್ಣ ಬಂದ ಯಾವ ಕಾಲಾತು! ಓಣ್ಯಾಗ ಬಿದ್ದೈತಿ, ಅದರಾಗ ಅಗಸರ ಕತ್ತಿ ಹೊರಳ್ಯಾಡಾಕ ಹತ್ಯಾವು. ಇವತ್ತ ಅದು ಮಾಳಿಗಿ ಮ್ಯಾಲ ಹೋಗಬೇಕು. ಈ ವರ್ಷ ಒಂದ ಹನಿ ಬೀಳಲಿ, ಒಂದ ಹನಿ! ಸೋರಲಾರದ ಮನಿ ಯಾವದೈತಿ ಆ ಮನಿಗಿ ಹೋಗಿ ಕುಂದರತೇನಿ. ತಿರುಗಿ ಈ ಹೊಸ್ತಲಾ ತುಳಿಯಂಗಿಲ್ಲ!"

"ಹೋಗ! ಸಂಜೀತನಕಾ ನಿನ್ನ ಮಾರಿ ನೋಡಿದ್ರ ನಾ ಕಾಡಪ್ಪನ ಅಲ್ಲ!"

"ನನ್ನ ಮಾರಿ ಬಿಡ್ರಿ. ಮಾಳಿಗಿ ನೋಡ್ರಿ, ಸಾಕು."

ಕಾಡಪ್ಪ ಸಲಕಿ, ಬುಟ್ಟಿ, ಬಡಿಯುವ ಕೊಡತಿ ಎತ್ತಿಕೊಂಡು ದಡದಡ ಹೊರಬಿದ್ದ.

ಮನುಷ್ಯ ಕೆಟ್ಟವನಲ್ಲ. ಬೈಲಹೊಂಗಲದ ಒಂದು ಹತ್ತಿ ಜಿನ್ನಿನಲ್ಲಿ ಅರಳೆ ತೂಗುವ ಕೆಲಸ. ಆದರೆ ಯಾರು ಏನು ಹೇಳಿದರೂ "ನನಗ ಗೊತ್ತೈತಿ" ಎನ್ನುವ ರೋಗ. ಈ ರೋಗಕ್ಕೆ ಯಾವ ದವಾಖಾನೆಯಲ್ಲೂ ಔಷಧವಿಲ್ಲ, ಒದೆಯೊಂದೇ ಔಷಧ.

ಅವನ ಓಣಿಯಲ್ಲಿ ಐದು ಮನೆಗಳು ಒಂದಕ್ಕೊಂದು ಹೆಗಲು ಹಚ್ಚಿ ನಿಂತಿವೆ. ಕೆಳಗೆ ಐದು ಬಾಗಿಲು, ಮೇಲೆ ಒಂದೇ ಬಯಲು. ಪ್ರತಿ ಮನೆಯ ಮಾಳಿಗೆಗೂ ಬುಟ್ಟಿಯಷ್ಟಗಲದ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ಗಾಳಿ ಬರಲೆಂದು ತೆರೆದಿರುತ್ತದೆ, ಮಳೆ ಬಂದರೆ ಒಡೆದ ಗಡಿಗೆಯೊಂದನ್ನು ಬೋರಲು ಹಾಕುತ್ತಾರೆ. ಮಳೆಗಾಲ ಕೂಡುವುದರೊಳಗೆ ನೀರು ಇಂಗಗೊಡದ ಸವಳು ಮಣ್ಣನ್ನು ಮಾಳಿಗೆಯ ತುಂಬ ಹರವಿ ಬಡಿಯಬೇಕು. ಬಡಿಯದಿದ್ದರೆ ಒಳಗೂ ಮಳೆ, ಹೊರಗೂ ಮಳೆ. ಕಾಡಪ್ಪ ಬಡಿದು ನಾಲ್ಕು ವರ್ಷವಾಗಿತ್ತು.

ಹತ್ತಲು ಸ್ವಂತ ಏಣಿ ಇರಲಿಲ್ಲ. ಅಂದರೆ ಇತ್ತು. ಹೋದ ಮಳೆಗಾಲದಲ್ಲಿ ಮನೆ ಸೋರಿ ಕಟ್ಟಿಗೆಯೆಲ್ಲ ತೊಯ್ದಾಗ ಸೋಮವ್ವ ಆ ಏಣಿಯನ್ನೇ ಮುರಿದು ಒಲೆಗಿಟ್ಟಿದ್ದಳು. ಹಾಗಾಗಿ ಓಣಿಯ ತುದಿಗೆ ಮುದುಕಿ ಕೆಂಪವ್ವನ ಮನೆಯ ಕಲ್ಲಿನ ಪಾವಟಿಗೆಗಳೇ ಗತಿ.

"ಬಾರಪಾ ಕಾಡಪ್ಪಾ, ಅಂತೂ ಮುಹೂರ್ತ ಬಂತು!" ಎಂದು ಕಟ್ಟೆಯ ಮೇಲೆ ಕುಂತ ಕೆಂಪವ್ವ ಬೊಚ್ಚುಬಾಯಿ ತೆರೆದಳು. "ಮ್ಯಾಲ ಎಲ್ಲಾ ಒಂದಽ ಕಾಣತೈತಿ. ನಮ್ಮನಿ ದಾಟಿ ಎಣಿಸಿಕೋತ ಹೋಗು..."

"ಯವ್ವಾ, ನನ್ನ ಮನಿ ನನಗ ತೋರಸ್ತೀಯೇನ? ನನಗ ಗೊತ್ತೈತಿ!"

"ಗೊತ್ತಿದ್ರ ಚಲೋ ಆತು," ಎಂದು ಮುದುಕಿ ತಂಬಾಕಿನ ಚೀಲ ಬಿಚ್ಚಿದಳು.

ಮೊದಲ ಬುಟ್ಟಿ ಹೊತ್ತು ಮೇಲೆ ನಿಂತಾಗ ಕಾಡಪ್ಪನಿಗೆ ದಿಕ್ಕು ತಪ್ಪಿತು. ಕಣ್ಣು ಹಾಯಿಸಿದಷ್ಟೂ ಬಿಸಿಲಿಗೆ ಬಿರಿದ ಮಣ್ಣು. ತೂತುಗಳೆಲ್ಲ ಒಂದೇ ತೆರ, ಪಕ್ಕದಲ್ಲಿ ಬಿದ್ದ ಒಡಕು ಗಡಿಗೆಗಳೂ ಒಂದೇ ತೆರ. ಯಾರ ಗೋಡೆ ಎಲ್ಲಿ ಮುಗಿಯಿತು ಎಂದು ಆ ಶಿವನೇ ಹೇಳಬೇಕು. ಇಳಿದು ಕೆಂಪವ್ವನನ್ನು ಕೇಳಬಹುದಿತ್ತು. ಆದರೆ ಈಗಷ್ಟೇ ಆಡಿದ ಮಾತನ್ನು ನುಂಗಲು ಗಂಟಲು ಒಪ್ಪಲಿಲ್ಲ.

ಅಷ್ಟರಲ್ಲಿ ಒಂದು ಬೆಳಕಿಂಡಿಯೊಳಗಿಂದ ದನಿ ಬಂತು.

"ಹಿಟ್ಟ ಇನ್ನಷ್ಟ ನಾದ್ರೆವಾ! ಹಿಂಗ ಹೊಸದ್ರ ಶಾವಿಗಿ ಅಲ್ಲ, ದನಾ ಕಟ್ಟೂ ಹಗ್ಗ ಆಗತೈತಿ!"

ಸೋಮವ್ವ! ಕಾಡಪ್ಪನಿಗೆ ಹೋದ ಜೀವ ಬಂದಂತಾಯಿತು. 'ಹೆಂಡತಿ ಎಲ್ಲಿ ಒದರತಾಳೋ ಅದಽ ನನ್ನ ಮನಿ, ಇದಕ್ಕ ಎಣಕಿ ಯಾಕ ಬೇಕು' ಎಂದುಕೊಂಡು ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿದ. ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಶಾವಿಗೆ ಹೊಸೆಯುತ್ತಿದ್ದಾಳೆ, ಅವರೆದುರು ತನ್ನ ಮಾನ ಕಳೆಯುವುದಕ್ಕೂ ಅನುಕೂಲವಾಯಿತು ಎಂದು ಹಲ್ಲು ಕಡಿದ. ಇಣುಕಿ ನೋಡಲಿಲ್ಲ. ಮಾರಿ ನೋಡುವುದಿಲ್ಲವೆಂದು ಆಣೆ ಹಾಕಿದ್ದನಲ್ಲ.

ಬುಟ್ಟಿಯ ಮೇಲೆ ಬುಟ್ಟಿ ಏರಿತು. ನೆತ್ತಿಯ ಮೇಲೆ ಸೂರ್ಯ ಹಂಚು ಇಟ್ಟು ರೊಟ್ಟಿ ಬೇಯಿಸುತ್ತಿದ್ದ. ಕಾಡಪ್ಪ ಕೊಡತಿ ಎತ್ತಿ ಧಪ್ಪಧಪ್ಪ ಬಡಿಯತೊಡಗಿದ.

"ಏ, ಸಾವಕಾಶ ಬಡಿಯೋ ಮಾರಾಯಾ! ಮಣ್ಣೆಲ್ಲಾ ಹಿಟ್ಟಿನ್ಯಾಗ ಬೀಳಾಕ ಹತ್ತೈತಿ. ಮೈಯಾಗ ದೆವ್ವ ಹೊಕ್ಕೈತೇನ ನಿನಗ?" ಎಂದಿತು ಬೆಳಕಿಂಡಿ.

ಕಾಡಪ್ಪನ ಕೈ ಗಾಳಿಯಲ್ಲೇ ನಿಂತಿತು. ಬಡಿಯೋ? ನಿನಗ? ಲಗ್ನವಾದಾಗಿನಿಂದ ಬೈಗುಳವನ್ನೂ 'ರಿ' ಹಚ್ಚಿ ಬೈದವಳು, ಇವತ್ತು ಹತ್ತು ಹೆಂಗಸರ ಮುಂದೆ ಆಳುಮಗನಿಗೆ ಅಂದಂತೆ ಅಂದಳು! ಸಿಟ್ಟು ನೆತ್ತಿಗೇರಿತು. ಆ ಸಿಟ್ಟನ್ನೆಲ್ಲ ಕೊಡತಿಗೆ ಹಾಕಿದ. ಅಷ್ಟು ಸಿಟ್ಟಿನಿಂದ ಬಡಿದ ಮಾಳಿಗೆ ಇಡೀ ತಾಲೂಕಿನಲ್ಲಿ ಇನ್ನೊಂದಿರಲಿಕ್ಕಿಲ್ಲ.

ಸ್ವಲ್ಪ ಹೊತ್ತಿಗೆ ಪಾವಟಿಗೆಯ ಮೇಲೆ ಒಂದು ತಲೆ ಕಾಣಿಸಿತು. ಕೂಲಿ ಮಾಡುವ ಲಗಮಪ್ಪ. ಹೆಗಲ ಮೇಲೆ ಸಲಕಿ.

"ಅಣ್ಣಾರ! ಇದನ್ನ ನೀವಽ ಮಾಡಾಕ ಹತ್ತೀರಿ?"

"ಮತ್ಯಾರ ನಿಮ್ಮಪ್ಪ ಮಾಡತಾನ?"

"ಅಲ್ರಿ, ಇದು..."

"ಏನೂ ಹೇಳಬ್ಯಾಡ. ನಿನಗ ಯಾರೂ ಕರದಿಲ್ಲ. ನನ್ನ ಕೆಲಸ ನಾ ಮಾಡ್ಕೋತೇನಿ."

ಲಗಮಪ್ಪ ಒಮ್ಮೆ ಮಾಳಿಗೆ ನೋಡಿದ, ಒಮ್ಮೆ ಕಾಡಪ್ಪನ ಕೊಡತಿ ನೋಡಿದ. "ಹಂಗಾರ ನಾ ಇಲ್ಲೆ ನೆಳ್ಳಾಗ ಕುಂದರತೇನ್ರಿ. ಅಡ್ಡಿ ಇಲ್ಲಲ್ಲ?" ಎಂದು ಕೆಂಪವ್ವನ ಬೇವಿನ ಗಿಡದ ಟೊಂಗೆ ಚಾಚಿದಲ್ಲಿ ಕುಂತು ಚುಟ್ಟ ಹಚ್ಚಿದ. ಸುಮ್ಮನಾದರೂ ಕುಂತನೇ? "ಅಣ್ಣಾರ, ಆ ಮೂಲ್ಯಾಗ ತೆಳ್ಳಗ ಬಿದ್ದೈತಿ. ಹಾಂ, ಹಂಗ. ಇನ್ನೊಂದ ಬುಟ್ಟಿ ಬರಲಿ. ಭೇಷ್!" ಮದುವೆಯಲ್ಲಿ ಬೀಗನಿಗೆ ಬಡಿಸಿದಂತೆ ಹೇಳಿಹೇಳಿ ಹಾಕಿಸಿದ.

ಹೊತ್ತು ಇಳಿಯುವಾಗ ಬೆಳಕಿಂಡಿಯಿಂದ ಒಂದು ಗಳ ಮೇಲೆದ್ದಿತು. ಅದರ ತುದಿಗೆ ಕಟ್ಟಿದ ಹಿತ್ತಾಳೆ ತಂಬಿಗೆ. ಅದರ ತುಂಬ ಹಾಲು, ಬೆಲ್ಲ, ಹೊಸ ಶಾವಿಗೆ.

"ಹಿಡಿಯಪಾ," ಎಂದಿತು ಅದೇ ದನಿ, ಈಗ ಬೆಣ್ಣೆಯಂತೆ. "ಉರಿ ಬಿಸಲಾಗ ಭಾಳ ದುಡದಿ. ನಿನ್ನಂಥ ಗಂಡಸು ನಮ್ಮನ್ಯಾಗ ಒಬ್ಬ ಇದ್ದಿದ್ರ!"

ಕಾಡಪ್ಪನ ಕಣ್ಣು ತುಂಬಿ ಬಂದವು. ಕಡೆಯ ಮಾತು ಸರಿಯಾಗಿ ತಲೆಗೆ ಹೋಗಲಿಲ್ಲ, ಮೊದಲೇ ಶಾವಿಗೆ ಬಾಯಿಗೆ ಹೋಗಿತ್ತು. ಆ ಏಕವಚನವೂ ಈಗ ಪ್ರೀತಿಯದೆನಿಸಿತು. ತಂಬಿಗೆ ನೆಕ್ಕಿ, ಓಣಿಯ ಮಣ್ಣೆಲ್ಲ ಮುಗಿದ ಮೇಲೆ ಅದನ್ನು ಖಾಲಿ ಬುಟ್ಟಿಯಲ್ಲಿ ಇಟ್ಟುಕೊಂಡು ಕೆಳಗಿಳಿದ. ಲಗಮಪ್ಪ ಎದ್ದು ನಿಂತು ಕೈಮುಗಿದ. ಇಷ್ಟು ವಿನಯದ ಮನುಷ್ಯನನ್ನು ಬೈದೆನಲ್ಲ ಎಂದು ಕಾಡಪ್ಪನಿಗೆ ಕೆಡುಕೆನಿಸಿತು.

ಮನೆಗೆ ಬಂದಾಗ ಸೋಮವ್ವ ಶಾವಿಗೆ ಬುಟ್ಟಿಯನ್ನು ಮೂಲೆಗಿಡುತ್ತಿದ್ದಳು. ಹೊರಗೆ ಗಾಳಿ ಎದ್ದಿತ್ತು. ಸಿಡಿಲು ಹೊಡೆದು ಅಡ್ಡಮಳೆ ಧೋ ಎಂದು ಸುರಿಯಿತು. ಕಾಡಪ್ಪ ನಗುತ್ತ ಹೊರಸನ್ನು ಎಳೆದುಕೊಂಡು, ಹೋದ ವರ್ಷ ಎಲ್ಲಿ ಹೆಚ್ಚು ಸೋರಿತ್ತೋ ಸರಿಯಾಗಿ ಅಲ್ಲೇ ಹಾಕಿ, ಮಹಾರಾಜನಂತೆ ಕಾಲು ಚಾಚಿ ಮಲಗಿದ.

"ಬೀಳಲಿ ನೋಡೂನು, ಒಂದ ಹನಿ!"

ಬಿತ್ತು. ಸರಿಯಾಗಿ ಮೂಗಿನ ಮೇಲೆ.

ಇನ್ನೊಂದು ಬಿತ್ತು. ಆಮೇಲೆ ಲೆಕ್ಕ ತಪ್ಪಿತು. ಕಾಡಪ್ಪ ಗಾಬರಿಯಿಂದ ಎದ್ದು ಕೈಗೆ ಸಿಕ್ಕ ತಂಬಿಗೆಯನ್ನೇ ಹನಿಯ ಕೆಳಗೆ ಹಿಡಿದ. ಸೋಮವ್ವ ಕಂದೀಲು ತಂದು ಎತ್ತಿ ಹಿಡಿದಳು. ಮಾಳಿಗೆಯನ್ನು ನೋಡಲಿಲ್ಲ, ತಂಬಿಗೆಯನ್ನು ನೋಡಿದಳು.

"ಇದು ಬಾಜೂಮನಿ ಸುಂದರವ್ವನ ತಂಬಿಗಿ ಅಲ್ಲಾ? ಅವರ ಮನ್ಯಾಗ ಶಾವಿಗಿ ಹೊಸದ ಮ್ಯಾಲ ಮಾಳಿಗಿ ಮ್ಯಾಲಿನ ಲಗಮಪ್ಪಗ ನಾನಽ ಕೊಟ್ಟದ್ದು. ನಿಮ್ಮ ಕೈಯಾಗ ಹೆಂಗ ಬಂತು?"

ಕಾಡಪ್ಪ ಬಾಯಿ ತೆರೆದ. ಉತ್ತರ ಮಾತ್ರ ಪಕ್ಕದ ಮನೆಯಿಂದ ಬಂತು. ಸುಂದರವ್ವನ ಗಂಡ ಬಸಯ್ಯ, ತನ್ನ ಮಾಳಿಗೆಗೆ ಮಣ್ಣು ಹಾಕಲು ಲಗಮಪ್ಪನಿಗೆ ಕೂಲಿ ಹೇಳಿ, ಹೊಸ ಡ್ಯಾಮು ನೋಡಲು ನವಿಲುತೀರ್ಥಕ್ಕೆ ಹೋದವನು ಆಗಷ್ಟೇ ಬಂದಿದ್ದ.

"ಲಗಮಪ್ಪಾ, ಆ ಡ್ಯಾಮ ನೀರ ತಡದಂಗ ತಡದೈತಲ್ಲೋ ನಮ್ಮ ಮಾಳಿಗಿ! ಒಂದ ಹನಿ ಇಲ್ಲ! ಕೂಲೀನೂ ತುಗೋ, ಮ್ಯಾಲ ಜ್ವಾಳಾನೂ ತುಗೋ. ಇಷ್ಟ ಗಟ್ಟಿ ಹೆಂಗ ಬಡದ್ಯೋ?"

"ಎಲ್ಲಾ ನಿಮ್ಮ ಆಶೀರ್ವಾದ್ರಿ ಅಯ್ಯಾರ," ಎಂದಿತು ಲಗಮಪ್ಪನ ದನಿ. "ಬಡಿಯೋ ಮುಂದ ಸ್ವಲ್ಪ ಸಿಟ್ಟ ಇರಬೇಕ್ರಿ."

ಸೋಮವ್ವ ಗಂಡನ ಮಣ್ಣಾದ ಅಂಗಿ ನೋಡಿದಳು, ಬೊಬ್ಬೆಯೆದ್ದ ಅಂಗೈ ನೋಡಿದಳು. ಕಾಡಪ್ಪ ಬೈಗುಳಕ್ಕೆ ತಯಾರಾಗಿ ಹೆಗಲು ಮುದುಡಿದ. ಆಕೆ ಬೈಯಲಿಲ್ಲ. ಅದೇ ಕೆಟ್ಟದ್ದಾಯಿತು.

ಅಷ್ಟರಲ್ಲಿ ಲಗಮಪ್ಪ ತಲೆಗೆ ಗೋಣಿ ಹೊದ್ದು ಬಾಗಿಲಲ್ಲಿ ಇಣುಕಿದ. "ಅಣ್ಣಾರ, ಸುಂದರವ್ವಾರು ತಂಬಿಗಿ ಇಸ್ಕೊಂಡ ಬಾ ಅಂದ್ರು."

"ನೀ ನಡೀಪಾ, ನಾನಽ ಕೊಟ್ಟ ಬರತೇನಿ," ಎಂದಳು ಸೋಮವ್ವ.

ಕಾಡಪ್ಪನ ಕೈಯಿಂದ ತಂಬಿಗೆ ತೆಗೆದುಕೊಂಡು, ತುಂಬಿದ ನೀರನ್ನು ಅವನ ಕಾಲ ಹತ್ತಿರವೇ ಸುರಿದಳು. ಶಾವಿಗೆ ಬುಟ್ಟಿಯನ್ನು ಟೊಂಕದ ಮೇಲೆ ಇಟ್ಟುಕೊಂಡಳು. ಇದ್ದ ಒಂದೇ ಒಣ ಕೌದಿಯನ್ನು ಬಗಲಿಗೆ ಇರುಕಿದಳು.

"ತಂಬಿಗಿ ಕೊಡಾಕ ಕೌದಿ ಯಾಕ?" ಎಂದ ಕಾಡಪ್ಪ, ಸಣ್ಣ ದನಿಯಲ್ಲಿ.

ಸೋಮವ್ವ ಹೊಸ್ತಿಲು ದಾಟಿ ನಡೆದಳು.

ಕಾಡಪ್ಪ ಹೊರಸನ್ನು ಆ ಮೂಲೆಗೆ ಎಳೆದ, ಈ ಮೂಲೆಗೆ ಎಳೆದ. ಗೋಡೆಯಾಚೆ ಹೆಂಗಸರ ನಗೆ ಕೇಳಿತು, ಅದರ ಮೇಲೆ ಎದ್ದು ಸೋಮವ್ವನ ದನಿ ಕೇಳಿತು: "ಏನ ಬಡದಾರವಾ, ಎಷ್ಟ ಬೆಚ್ಚಗೈತಿ!" ಈ ಸಲ ಬಹುವಚನ ತಪ್ಪಿರಲಿಲ್ಲ. ಕಾಡಪ್ಪ ಬಾಗಿಲು ತೆರೆದಿಟ್ಟೇ ಕುಂತ. ಆಕೆ ಬರಲಿಲ್ಲ.