ಸೋರುವ ಮನೆಗೆ ಸಾಕ್ಷಿ

ಭಾನುವಾರ ಚರ್ಚಿನಿಂದ ಹೊರಬರುವಾಗ ಫಿಲಿಮೋನಿ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. "ಮಂಗಳವಾರ ಕೋರ್ಟಿನವ್ರು ನಮ್ಮನೆ ನೋಡೋಕೆ ಬರ್ತಾರೆ" ಎಂದು ಅಪಿಸಾಯಿ ಮಾವನ ಹತ್ತಿರ ಅಂದುಬಿಟ್ಟ. ಅಪಿಸಾಯಿ ಕೇರಿಗೆ ಹಿರಿಯ. ಸುವಾ ಪಟ್ಟಣದ ಅಂಚಿನ ಆ ಕೇರಿಯಲ್ಲಿ ಅವನಿಗೆ ಹೇಳುವುದೂ ಡಂಗುರ ಸಾರುವುದೂ ಒಂದೇ.

ವ್ಯಾಜ್ಯ ಇಷ್ಟೇ. ಬಾಡಿಗೆ ಮನೆಯ ತಗಡಿನ ಸೂರು ಸೋರುತ್ತಿತ್ತು. ಮಾಲೀಕ ಓಸೆಯಾ ರಿಪೇರಿ ಮಾಡಿಸಲಿಲ್ಲ, ಫಿಲಿಮೋನಿ ಬಾಡಿಗೆ ಕೊಡಲಿಲ್ಲ. ನೀರು ಬಿದ್ದು ಬಿದ್ದು ಹಲಗೆಯ ನೆಲ ಕೊಳೆಯಿತು. ಬಾಕಿ ಬಾಡಿಗೆ, ನೆಲದ ನಷ್ಟ ಕೊಟ್ಟು ಮನೆಯನ್ನೂ ಬಿಡಲಿ ಎಂದು ಓಸೆಯಾ ದಾವೆ ಹೂಡಿದ. ನೆಲ ಕೆಟ್ಟದ್ದು ಸೂರಿನಿಂದಲೋ, ಬಾಡಿಗೆದಾರನಿಂದಲೋ ನೋಡಿ ಬರಲು ಮ್ಯಾಜಿಸ್ಟ್ರೇಟರು ಒಬ್ಬ ಅಧಿಕಾರಿಯನ್ನು ನೇಮಿಸಿದರು. ಫಿಲಿಮೋನಿಗಿದ್ದ ಸಾಕ್ಷಿಯೆಂದರೆ ಸೂರಿನ ತೂತುಗಳು ಮಾತ್ರ. ಅವು ಕೈಕೊಟ್ಟರೆ ಹೆಂಡತಿ ಉಲಮಿಲಾ, ಇಬ್ಬರು ಹೆಣ್ಣುಮಕ್ಕಳ ಸಮೇತ ಅವನು ಬೀದಿಪಾಲು.

ಮಂಗಳವಾರ ಅಧಿಕಾರಿಯನ್ನು ಕರೆತರಲು ಕೋರ್ಟಿಗೆ ಹೋದವನನ್ನು ಗುಮಾಸ್ತೆ ಮಧ್ಯಾಹ್ನದವರೆಗೆ ಕೂರಿಸಿದಳು. ಅಧಿಕಾರಿ, ಓಸೆಯಾ ಇಬ್ಬರ ಜೊತೆ ಮನೆ ಮುಟ್ಟಿದಾಗ ಅವನು ಅಲ್ಲೇ ನಿಂತುಬಿಟ್ಟ. ಸೂರಿಗೆ ಹೊಚ್ಚಹೊಸ ತಗಡು! ಅದರ ಮೇಲೆ ಹಸಿರು ಬಣ್ಣ! ಅಂಗಳದ ತುಂಬ ಕೇರಿಯ ಗಂಡಸರು.

"ಏನೇ ಇದು?" ಎಂದು ಉಲಮಿಲಾಳನ್ನು ಹಿಡಿದು ಕೇಳಿದ.

"ಕೋರ್ಟಿನವ್ರ ಮುಂದೆ ನಮ್ಮ ಮಾನ ಹೋಗ್ಬಾರ್ದು ಅಂತ ಮಾವ ಎಲ್ಲರನ್ನೂ ಕರ್ಕೊಂಡು ಏಣಿ ಸಮೇತ ಬಂದ್ರು. ಹಿರಿಯರು ಕೆಲಸಕ್ಕಿಳಿದ್ರೆ ಬೇಡ ಅನ್ನೋಕಾಗುತ್ತಾ? ಕೆಸುವಿನ ಗೆಡ್ಡೆ ಬೇಯಿಸಿ ಹಾಕ್ದೆ."

"ನೆಲ?"

"ಹಲಗೆ ಸಿಗ್ಲಿಲ್ವಂತೆ. ಚಾಪೆ ಹಾಸಿದಾರೆ."

ಅಷ್ಟರಲ್ಲಿ ಒಳಗೆ ಹೆಜ್ಜೆಯಿಟ್ಟ ಅಧಿಕಾರಿಯ ಕಾಲು ಚಾಪೆ ಸಮೇತ ಮೊಣಕಾಲುದ್ದ ನೆಲದೊಳಗೆ ಹೋಯಿತು. ನಾಲ್ಕು ಜನ ಎಳೆದು ತೆಗೆದರು. ಆಗಲೇ ಮಳೆ ಧೋ ಎಂದು ಸುರಿಯತೊಡಗಿತು. ಇಂಥ ಮಳೆಗಾಗಿ ಫಿಲಿಮೋನಿ ವಾರವಿಡೀ ಪ್ರಾರ್ಥಿಸಿದ್ದ. ಎಲ್ಲರೂ ತಲೆಯೆತ್ತಿ ನೋಡಿದರು. ಒಂದು ಹನಿಯೂ ಬೀಳಲಿಲ್ಲ.

"ಎಲ್ರೀ ಸೋರೋದು?" ಎಂದ ಅಧಿಕಾರಿ, ಕಾಲು ಉಜ್ಜಿಕೊಳ್ಳುತ್ತಾ.

"ಬೆಳಗ್ಗೆವರೆಗೂ ಸೋರ್ತಿತ್ತು ಸಾರ್! ಇವತ್ತೇ ಮುಚ್ಚಿದ್ದು!"

ಓಸೆಯಾ ನಕ್ಕ. "ಹೌದೌದು. ಇವ್ರು ಮನೇಲಿ ದೋಣಿ ಬಿಡ್ತಿದ್ರು."

"ಅಪಿಸಾಯಿ ಮಾವನ್ನ ಕೇಳಿ ಸಾರ್. ಅವ್ರು ಹುಟ್ಟಿದಾಗಿಂದ ಸುಳ್ಳು ಹೇಳಿದೋರಲ್ಲ."

ಹಿತ್ತಲ ಚಪ್ಪರದಲ್ಲಿ ಅತಿಥಿಗೆ ಕುಡಿಯಲೆಂದು ಯಂಗೋನಾ ಬೇರಿನ ಪುಡಿಯನ್ನು ನೀರಿನಲ್ಲಿ ಕದಡುತ್ತಿದ್ದ ಮುದುಕನನ್ನು ಕರೆತಂದರು. ತಗಡಿನ ಮೇಲಿನ ಮಳೆಯ ಅಬ್ಬರದಲ್ಲಿ ಒಳಗಿನ ಮಾತೊಂದೂ ಅವನಿಗೆ ತಲುಪಿರಲಿಲ್ಲ.

"ಹಿರಿಯರೇ, ಈ ಸೂರು ಮೊದ್ಲು ಸೋರ್ತಿತ್ತಾ?" ಎಂದ ಅಧಿಕಾರಿ.

ಅಪಿಸಾಯಿ ಫಿಲಿಮೋನಿಯ ಬಿಳಿಚಿದ ಮುಖ ನೋಡಿದ. ಹೊರಗಿನವರ ಮುಂದೆ ಹುಡುಗನ ಮಾನ ಹೋಗುತ್ತಿದೆ! ಪಾಪ, ಕಾಪಾಡಬೇಕು. ಎದೆಯ ಮೇಲೆ ಕೈಯಿಟ್ಟುಕೊಂಡ.

"ಸೋರೋದಾ? ದೇವರಾಣೆ ಸ್ವಾಮಿ, ಈ ಮನೆ ಯಾವತ್ತೂ ಒಂದು ಹನಿ ಸೋರಿದ್ದಿಲ್ಲ."

ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡು ಮುದುಕನ ಸಹಿ ಹಾಕಿಸಿಕೊಂಡ. ಓಸೆಯಾ ಹೊಸ ಸೂರನ್ನು ಕಣ್ತುಂಬ ನೋಡಿದ. ಫಿಲಿಮೋನಿ ಗೋಡೆಗೆ ಒರಗಿ ಕೂತ.

ಅಪಿಸಾಯಿ ಪಕ್ಕದಲ್ಲಿ ಕೂತು ಅವನ ಬೆನ್ನು ತಟ್ಟಿ, ಕಿವಿಯಲ್ಲಿ ಪಿಸುಗುಟ್ಟಿದ: "ಹೆದರ್ಬೇಡ ಕಣೋ. ಕೇಸು ನಮ್ದೇ."