ತೂಕಕ್ಕೆ ಮೊದಲೇ ಗೇಟು ದಾಟಿದ ಟ್ರ್ಯಾಕ್ಟರ್

ಮಕ್ಕಳಾ, ನಮ್ಮ ಕಡೆ ಸರಿಯಾದ ಹೊತ್ತು ತೋರಿಸುವ ಗೋಡೆ ಗಡಿಯಾರವನ್ನು ನಾನಂತೂ ಕಂಡಿಲ್ಲ. ಐದೋ ಹತ್ತೋ ನಿಮಿಷ ಮುಂದಿಟ್ಟಿರುತ್ತಾರೆ. ಮುಂದಿದೆ ಎಂದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಮನಸ್ಸಿನಲ್ಲೇ ಅಷ್ಟನ್ನು ಕಳೆದು, ಇನ್ನೂ ಹೊತ್ತಿದೆ ಎಂದು ಮತ್ತೊಂದು ಕಪ್ ಚಹಾ ಕುಡಿಯುತ್ತಾರೆ. ನಿಮ್ಮ ಅಜ್ಜ ಮುಧೋಳದ ಬಸ್ಸಿಗೆಂದು ಹತ್ತು ನಿಮಿಷ ಮುಂದಿಟ್ಟಿದ್ದ ಗಡಿಯಾರವನ್ನು, ಮದುವೆಯಾಗಿ ಬಂದ ಹೊಸತರಲ್ಲಿ ನಾನು ಪಾಪ ಎಂದು ಸರಿ ಮಾಡಿಬಿಟ್ಟೆ. ಅವರು ರೂಢಿಯಂತೆ ಹತ್ತು ಕಳೆದುಕೊಂಡು ಹೊರಟರು, ಬಸ್ಸು ಹೋಗಿತ್ತು. ಸಂಜೆಯವರೆಗೆ ಆ ಕಂಡಕ್ಟರನನ್ನು ಬೈದರು. ನಿಜ ಹೇಳುವ ಧೈರ್ಯ ಸಾಲದೆ ನಾನೂ ಜೊತೆಗೆ ನಾಲ್ಕು ಮಾತು ಬೈದೆ.

ಬಾಯಿ ಬಿಡದಿರುವುದು ನನ್ನ ಹುಟ್ಟುಗುಣ. ಗಲಗಲಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದೆ. ಆ ಏಳು ವರ್ಷದಲ್ಲಿ ಮಾಸ್ತರರು ನನ್ನ ದನಿ ಕೇಳಿದ್ದು ಹಾಜರಿ ಕೂಗುವಾಗ ಮಾತ್ರ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅವರು ದುಡಿಯುತ್ತಿದ್ದ ಸಕ್ಕರೆ ಕಾರ್ಖಾನೆಯಲ್ಲೇ ನನಗೆ ಅನುಕಂಪದ ನೌಕರಿ ಸಿಕ್ಕಿತು. ತೂಕದ ಆಫೀಸಿನಲ್ಲಿ ಕಸ ಹೊಡೆಯುವುದು, ಕೊಡ ತುಂಬಿಡುವುದು, ಚಹಾ ಕೊಡುವುದು. ಮಾತಿನ ಕೆಲಸವಲ್ಲವಲ್ಲ ಎಂದು ದೇವರಿಗೆ ಕೈ ಮುಗಿದೆ.

ಒಳಕೋಣೆಯಲ್ಲಿ ತೂಕದ ಕಂಪ್ಯೂಟರಿನ ಮುಂದೆ ಸುವರ್ಣಾ ಕೂರುತ್ತಿದ್ದಳು, ಬನಹಟ್ಟಿಯ ಹುಡುಗಿ. ಅಪ್ಪನ ಮಗ್ಗ ನಿಂತ ಮೇಲೆ ಮನೆ ನಡೆಯುತ್ತಿದ್ದುದು ಅವಳ ಪಗಾರದ ಮೇಲೆ. ಕಬ್ಬು ಇಳಿಸಿದ ಟ್ರ್ಯಾಕ್ಟರ್ ಖಾಲಿಯಾಗಿ ಮತ್ತೊಮ್ಮೆ ತೂಗಿಸಿಕೊಂಡೇ ಗೇಟು ದಾಟಬೇಕು. ಅವಳ ಕಂಪ್ಯೂಟರಿನೊಳಗಿನ ಪುಟ್ಟ ಬ್ಯಾಟರಿ ಸತ್ತುಹೋಗಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದಕ್ಕೆ ಹೊತ್ತಿನ ನೆನಪೇ ಇರುತ್ತಿರಲಿಲ್ಲ. ಆ ಕೋಣೆಯೊಳಗೆ ಮೊಬೈಲು ಒಯ್ಯುವಂತಿಲ್ಲ. ಹಾಗಾಗಿ ಸುವರ್ಣಾ ಕಿಟಕಿಯಿಂದ, "ಕಾಕೂ, ಟೈಮ್ ಎಷ್ಟಾತ್ರಿ?" ಎನ್ನುವಳು. ನಾನು ಪಡಸಾಲೆಯ ಗಡಿಯಾರ ನೋಡಿ, ಒಂದು ನಿಮಿಷವೂ ಹೆಚ್ಚುಕಡಿಮೆ ಮಾಡದೆ ಹೇಳುವೆ. ಕಂಪ್ಯೂಟರಿಗೆ ಹೊತ್ತು ಹೇಳುವ ಹೆಂಗಸು ನಾನು ಎಂದು ಒಳಗೊಳಗೇ ಹೆಮ್ಮೆ.

ಹೋದ ಹಂಗಾಮಿನಲ್ಲಿ ಗೇಟಿಗೆ ಹೊಸ ಕಂಪ್ಯೂಟರ್ ಬಂತು. ಅದು ಇಂಟರ್ನೆಟ್ಟಿನಿಂದ ತಾನೇ ಸರಿಯಾದ ಹೊತ್ತು ತಿಳಿದುಕೊಳ್ಳುತ್ತದಂತೆ. ಎರಡರ ಲೆಕ್ಕವೂ ನಮ್ಮ ಆಫೀಸಿನ ಸಾಹೇಬರ ಕೋಣೆಯ ಸರ್ವರಿಗೆ ಹೋಗಿ ಸೇರುತ್ತಿತ್ತು. ಒಂದು ಬುಧವಾರ ಸರ್ವರ್ ತೂಕದ ಚೀಟಿಗಳನ್ನು ಒಪ್ಪಲೊಲ್ಲದು. ಹತ್ತೂ ಐದಕ್ಕೆ ಗೇಟು ದಾಟಿದ ಟ್ರ್ಯಾಕ್ಟರ್ ಹತ್ತೂ ಹದಿನೆಂಟಕ್ಕೆ ತೂಗಿದೆ ಎಂದು ಬರೆದಿತ್ತು. ಅಂದರೆ ಗಾಡಿ ಹೋದ ಮೇಲೆ ತೂಕ! ಸುವರ್ಣಾ ಗಾಡಿಗಳನ್ನು ತೂಗದೆ ಬಿಟ್ಟು, ಆಮೇಲೆ ಮನಸ್ಸಿಗೆ ಬಂದ ತೂಕ ಬರೆಯುತ್ತಾಳೆ ಎಂದು ಮಾತು ಹಬ್ಬಿತು. ಶನಿವಾರದೊಳಗೆ ಸರಿಯಾದ ವಿವರಣೆ ಕೊಡದಿದ್ದರೆ ಸೋಮವಾರದಿಂದ ಬರುವುದು ಬೇಡ ಎಂದರು ಸಾಹೇಬರು.

ನನಗೆ ಅಂದೇ ಹೊಳೆದಿತ್ತು. ಸಂಜೆಯ ಬಸ್ಸು ತಪ್ಪಬಾರದೆಂದು ಪಡಸಾಲೆಯ ಆ ಗಡಿಯಾರವನ್ನು ಸ್ಟೂಲ್ ಹತ್ತಿ ಐದು ನಿಮಿಷ ಮುಂದಿಟ್ಟವಳು ನಾನೇ. ನಾವು ಮನುಷ್ಯರು ಕಳೆದುಕೊಂಡು ನೋಡುತ್ತೇವೆ, ಯಂತ್ರಕ್ಕೆ ಆ ಉಪಾಯ ಯಾರು ಕಲಿಸಿದ್ದಾರೆ? ಹೇಳಬೇಕೆಂದು ಬುಧವಾರ ಸಾಹೇಬರ ಕೋಣೆಗೆ ಚಹಾ ತೆಗೆದುಕೊಂಡು ಹೋದೆ, ಚಹಾ ಇಟ್ಟು ಬಂದೆ. ಗುರುವಾರ ಎರಡು ಸಲ ಹೋದೆ. ಶುಕ್ರವಾರ ಸಾಹೇಬರೇ, ಇಷ್ಟು ಚಹಾ ಬೇಡ, ಪಿತ್ತ ಆಗುತ್ತದೆ ಎಂದರು.

ಶನಿವಾರ ಜಮಖಂಡಿಯಿಂದ ಇಂಜಿನಿಯರ್ ಬಂದ. ಪ್ರತಿ ಕಂಪ್ಯೂಟರಿನಲ್ಲೂ ಒಂದು ಸಣ್ಣ ಹರಳು ಮಿಡಿಯುತ್ತಿರುತ್ತದೆ, ಒಂದರದು ತುಸು ಬೇಗ, ಇನ್ನೊಂದರದು ತುಸು ನಿಧಾನ, ಅದಕ್ಕೇ ಎಲ್ಲವೂ ಆಗಾಗ ಒಂದೇ ಗಡಿಯಾರವನ್ನು ಕೇಳಿ ಹೊಂದಿಕೊಳ್ಳಬೇಕು ಎಂದು ವಿವರಿಸಿದ. ಆಮೇಲೆ ಎರಡನ್ನೂ ಹೋಲಿಸಿ ನೋಡಿದರೆ ತೂಕದ ಕಂಪ್ಯೂಟರ್ ಹದಿನೈದು ನಿಮಿಷ ಮುಂದಿತ್ತು; ಆ ಟ್ರ್ಯಾಕ್ಟರ್ ನಿಜಕ್ಕೂ ತೂಗಿದ್ದು ಹತ್ತೂ ಮೂರಕ್ಕೆ. ಅವನು ತಲೆ ಕೆರೆದುಕೊಂಡ. "ಆದ್ರ ತಾನಾಗೇ ಓಡಿದ್ರ ಇಷ್ಟು ಲಗೂನ ಹದಿನೈದು ನಿಮಿಷ ಹೆಚ್ಚಾಗಂಗಿಲ್ರಿ. ಯಾರೋ ಕೈಲೇ ಇಟ್ಟಾರ."

ಸಾಹೇಬರು ಸುವರ್ಣಾಳ ಕಡೆ ತಿರುಗಿದರು. ಅವಳು ತಲೆ ತಗ್ಗಿಸಿ, "ಟೈಮ್ ನಾನ ಹಾಕೀನ್ರಿ" ಎಂದಳು. ಅಷ್ಟೇ. ಯಾರನ್ನು ಕೇಳಿ ಹಾಕಿದೆ ಎಂದು ಹೇಳಲಿಲ್ಲ. ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ನನ್ನನ್ನು ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ಅವಳಿಗೂ ಗೊತ್ತಿತ್ತು, ಮಕ್ಕಳಾ. ನನ್ನ ನೌಕರಿಗೆ ಧಕ್ಕೆ ಬರಬಾರದೆಂದು ತನ್ನದನ್ನು ಬಿಡಲು ಕೂತಿದ್ದಳು.

ತಾಟನ್ನು ಮೇಜಿನ ಮೇಲೆ ಕುಕ್ಕಿದೆ, ಕಪ್ಪುಗಳು ಗಲಗಲ ಎಂದವು. ಎಲ್ಲರೂ ನನ್ನತ್ತ ನೋಡಿದರು. ಇನ್ನು ಸುಮ್ಮನಿರಲಾಗಲಿಲ್ಲ. "ಸಾಹೇಬ್ರ, ಆಕೀ ನನ್ನ ಕೇಳಿ ಹಾಕ್ಯಾಳ್ರಿ. ನಾ ಆ ಗ್ವಾಡಿ ಗಡಿಯಾರ ನೋಡಿ ಹೇಳೀನಿ. ಅದರಾಗ ಐದು ನಿಮಿಷ ನಾನ ಮುಂದ ಇಟ್ಟೀನ್ರಿ."

ಮೂಲೆಯಲ್ಲಿದ್ದ ಹೆಡ್ ಕ್ಲಾರ್ಕರು ಕೆಮ್ಮಿದರು. "ಐದು ನನ್ನವೂ ಅದಾವ್ರಿ. ಊಟದ ಸುಟ್ಟಿ ಲಗೂ ಆಗ್ಲಿ ಅಂತ."

ಹತ್ತಾಯಿತು. ಉಳಿದ ಐದು ಯಾರವು ಎಂದು ಇಂಜಿನಿಯರ್ ಎಲ್ಲರ ಮುಖ ನೋಡಿದ. ಸಾಹೇಬರು ಫ್ಯಾನಿನತ್ತ ನೋಡುತ್ತ, "ನೀವೆಲ್ಲಾ ಲೇಟ್ ಬರ್ತೀರಿ ಅಂತ ಹಬ್ಬದ ಮುಂದ ನಾನೂ ಒಂದಿಷ್ಟು ತಿರುವಿದ್ದೆ" ಎಂದರು. ಮೊದಲು ನಕ್ಕವಳು ಸುವರ್ಣಾ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಂಜಿನಿಯರ್ ಹೊಸ ಬ್ಯಾಟರಿ ಹಾಕಿ, ತೂಕದ ಕಂಪ್ಯೂಟರ್ ಹೊತ್ತನ್ನೂ ಸರ್ವರನ್ನೇ ಕೇಳಿ ತಿಳಿಯುವಂತೆ ಮಾಡಿದ. ಹದಿನೈದು ನಿಮಿಷವನ್ನು ಒಮ್ಮೆಗೇ ಹಿಂದಕ್ಕೆ ಎಳೆದರೆ ಈಗಾಗಲೇ ತೂಗಿದ ಗಾಡಿಗಳ ಸರದಿ ಕೆಡುತ್ತದಂತೆ. ಅದಕ್ಕೇ ನಿಜವಾದ ಹೊತ್ತು ಬಂದು ಕೂಡುವವರೆಗೆ ಅದನ್ನು ತುಸು ನಿಧಾನವಾಗಿ ಓಡಲು ಬಿಟ್ಟ. ವರದಿಯಲ್ಲಿ ಬ್ಯಾಟರಿ ಕೆಟ್ಟಿತ್ತು ಎಂದಷ್ಟೇ ಬರೆದ. ಅವನ ಹೊಟ್ಟೆ ತಣ್ಣಗಿರಲಿ.

ಸುವರ್ಣಾ ಈಗಲೂ ಅದೇ ಕುರ್ಚಿಯಲ್ಲಿದ್ದಾಳೆ. ಆ ಮೂರು ದಿನ ನಾನೇಕೆ ಸುಮ್ಮನಿದ್ದೆ ಎಂದು ಇಂದಿಗೂ ಕೇಳಿಲ್ಲ. ಮಧ್ಯಾಹ್ನ ತನ್ನ ರೊಟ್ಟಿ ಗಂಟು ಬಿಚ್ಚಿದರೆ ಮೊದಲ ರೊಟ್ಟಿ ನನಗೇ ಇಡುತ್ತಾಳೆ. ಅದನ್ನು ತಿನ್ನುವಾಗಲೆಲ್ಲ ಲೆಕ್ಕ ಹಾಕುತ್ತೇನೆ: ಆ ಯಂತ್ರ ಹದಿನೈದು ನಿಮಿಷವಷ್ಟೇ ಮುಂದಿತ್ತು, ನಾನು ಮೂರು ದಿನ ಹಿಂದಿದ್ದೆ. ಆದರೂ ಇಂಜಿನಿಯರನನ್ನು ಕರೆಸಿದ್ದು ಯಂತ್ರಕ್ಕೆ.